ಕಾನೂನು ಪ್ರಶ್ನೋತ್ತರ: ಆರೋಪಿಯ ಪರ ನಿಲ್ಲುವವರ ಅನುಭವವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನನ್ನ ಸೋದರಳಿಯ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಬಾಡಿಗೆ ಮನೆಯಲ್ಲಿ ಹುಡುಗರ ನಡುವೆ ನಡೆದ ಹೊಡೆದಾಟದ ಬಗ್ಗೆ ಹೇಳಿಕೆ ಕೊಡಲು ಠಾಣೆಗೆ ಬರಬೇಕೆಂದು ಪೊಲೀಸರು ಅವನಿಗೆ ತಿಳಿಸಿದ್ದಾರೆ. ಅಲ್ಲಿನ ಕಾನೂನು ಸಂಸ್ಥೆಯೊಂದು ತನ್ನ ನಾಲ್ವರ ಪರಿಚಯ ಪತ್ರ ಕಳಿಸಿದೆ. ಒಬ್ಬರು ಡ್ಯೂಟಿ ಸಾಲಿಸಿಟರ್, ಇನ್ನೊಬ್ಬರಿಗೆ ‘ಹೈಯರ್ ರೈಟ್ಸ್’ ಇದೆಯಂತೆ, ಮೂರನೆಯವರು ನಿವೃತ್ತ ಪೊಲೀಸ್ ಅಧಿಕಾರಿ, ನಾಲ್ಕನೆಯವರು ‘ಪೊಲೀಸ್ ಸ್ಟೇಷನ್ ರೆಪ್ರೆಸೆಂಟೇಟಿವ್’. ಯಾರನ್ನು ಆರಿಸಬೇಕು?
— ಓದುಗರು, ಬೈಲಹೊಂಗಲ

ಉತ್ತರ: ಸಮಯ ಕಡಿಮೆಯಿದ್ದುದರಿಂದ ಇದರ ಸಾರವನ್ನು ಸಂಚಿಕೆ ಅಚ್ಚಿಗೆ ಹೋಗುವ ಮೊದಲೇ ತಮಗೆ ದೂರವಾಣಿಯಲ್ಲಿ ತಿಳಿಸಿದ್ದೇನೆ, ಇತರರಿಗೂ ಉಪಯೋಗವಾದೀತೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕೋರ್ಟಿನಲ್ಲಿ ಚೆನ್ನಾಗಿ ವಾದಿಸುವವರೇ ದೊಡ್ಡ ವಕೀಲರು ಎಂಬುದು ನಮ್ಮ ಕಡೆಯ ಲೆಕ್ಕ. ನಿಮ್ಮ ಅಳಿಯನ ಪ್ರಕರಣಕ್ಕೆ ಆ ಲೆಕ್ಕ ಸದ್ಯಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಅದರಿಂದ ವಸ್ತುವೇನಾದರೂ ಪತ್ತೆಯಾದರೆ ಅಷ್ಟು ಭಾಗದ ಮಾತು ಮಾತ್ರ ಬೇರೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಠಾಣೆಯ ಸಂದರ್ಶನ ಧ್ವನಿಮುದ್ರಣವಾಗುತ್ತದೆ, ಆ ಮುದ್ರಣವೇ ಮುಂದೆ ಸಾಕ್ಷ್ಯವಾಗುತ್ತದೆ. ಇಷ್ಟೇ ಅಲ್ಲದೆ, 1994ರ ಕಾಯ್ದೆಯೊಂದರ ಪ್ರಕಾರ, ಠಾಣೆಯಲ್ಲಿ ಕೇಳಿದಾಗ ಹೇಳದೆ ಬಿಟ್ಟ ಸಂಗತಿಯನ್ನು ಆರೋಪಿ ಮುಂದೆ ಕೋರ್ಟಿನಲ್ಲಿ ತನ್ನ ರಕ್ಷಣೆಗೆ ತಂದರೆ, ಆಗ ಏಕೆ ಹೇಳಲಿಲ್ಲವೆಂಬುದನ್ನು ನ್ಯಾಯಾಲಯ ಅವನ ವಿರುದ್ಧ ಪರಿಗಣಿಸಬಹುದು. ಆದ್ದರಿಂದ ಸುಮ್ಮನಿರಬೇಕೋ, ಬರಹದಲ್ಲಿ ಹೇಳಿಕೆ ಕೊಡಬೇಕೋ, ಎಲ್ಲಕ್ಕೂ ಉತ್ತರಿಸಬೇಕೋ ಎಂಬ ತೀರ್ಮಾನ ಆ ಸಣ್ಣ ಕೋಣೆಯಲ್ಲೇ ಆಗಬೇಕು. ಅವನ ಪಕ್ಕದ ಕುರ್ಚಿಯಲ್ಲಿ ಕೂರುವವರು ಅಲ್ಲಿನ ಅನುಭವ ಉಳ್ಳವರಾಗಿರಬೇಕು.

ಹೀಗೆ ನೋಡಿದರೆ ಮೊದಲನೆಯವರೇ ಮೇಲು. ಡ್ಯೂಟಿ ಸಾಲಿಸಿಟರ್ ಎಂದರೆ ಪೊಲೀಸ್ ಠಾಣೆ ಮತ್ತು ಮ್ಯಾಜಿಸ್ಟ್ರೇಟ್ ಕೋರ್ಟಿನ ಕೆಲಸದಲ್ಲಿ ಪ್ರತ್ಯೇಕ ಮಾನ್ಯತೆ ಪಡೆದು, ಸರದಿಯ ಮೇಲೆ ಕರೆ ಬಂದಾಗ ಹೋಗುವ ವಕೀಲರು. ಬಿಟ್ಟಿ ಸಿಗುವವರೆಂದು ತಮ್ಮ ಪತ್ರದಲ್ಲಿ ತುಸು ಅನುಮಾನ ಕಂಡಿತು, ಅದು ಬೇಡ. ಠಾಣೆಯಲ್ಲಿ ಕಾನೂನು ಸಲಹೆ ಅಲ್ಲಿ ಆದಾಯ ನೋಡದೆ ಎಲ್ಲರಿಗೂ ಉಚಿತ. ಬಂಧನವಾಗದೆ ತಾನಾಗಿ ಹೋಗಿ ಸಂದರ್ಶನ ಕೊಡುವವರಿಗೂ ಈ ಹಕ್ಕು ಉಂಟು.

‘ಹೈಯರ್ ರೈಟ್ಸ್’ ಮುಂದಿನ ಮೆಟ್ಟಿಲಿನ ಮಾತು. ಅಲ್ಲಿನ ಸಾಲಿಸಿಟರ್‌ಗಳು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿನವರೆಗೆ ವಾದಿಸುತ್ತಾರೆ. ಜ್ಯೂರಿ ಕೂರುವ ಕ್ರೌನ್ ಕೋರ್ಟಿನಲ್ಲಿ ಬ್ಯಾರಿಸ್ಟರ್, ಅಂದರೆ ಮುಖ್ಯವಾಗಿ ಕೋರ್ಟಿನ ವಾದಕ್ಕೇ ಇರುವ ವಕೀಲ ಬೇಕು, ಇಲ್ಲವೇ ಈ ಹೆಚ್ಚಿನ ಅರ್ಹತೆ ಪಡೆದ ಸಾಲಿಸಿಟರ್ ಬೇಕು. ಬಹುಪಾಲು ಪ್ರಕರಣಗಳು ಮ್ಯಾಜಿಸ್ಟ್ರೇಟರ ಮುಂದೆಯೇ ಮುಗಿಯುವುದರಿಂದ ಈ ಅರ್ಹತೆಗಾಗಿ ಈಗಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೊಲೀಸರು ಕಡತ ಹೇಗೆ ಕಟ್ಟುತ್ತಾರೆಂಬುದನ್ನು ನಿವೃತ್ತ ಪೊಲೀಸ್ ಅಧಿಕಾರಿ ಒಳಗಿನಿಂದ ಬಲ್ಲರು, ನಿಜ. ಆದರೆ ಅದು ಅನುಭವವೇ ಹೊರತು ವಕೀಲಿ ಅರ್ಹತೆಯಲ್ಲ. ಅವರು ಈಗ ಸಾಲಿಸಿಟರ್ ಹೌದೋ ಅಲ್ಲವೋ ಎಂದು ಕೇಳಿ. ನಾಲ್ಕನೆಯವರು ಸಾಲಿಸಿಟರ್ ಅಲ್ಲ. ಠಾಣೆಯಲ್ಲಿ ಸಲಹೆ ಕೊಡುವಷ್ಟಕ್ಕೆ ಮಾನ್ಯತೆ ಪಡೆದವರು, ಕೋರ್ಟಿನಲ್ಲಿ ಅವನ ಪರ ನಿಲ್ಲಲಾರರು. ಆದರೂ ದಿನವೂ ಠಾಣೆಯಲ್ಲೇ ಇರುವ ಇಂಥವರು ಎಷ್ಟೋ ಸಲ ದೊಡ್ಡ ಹೆಸರಿನವರಿಗಿಂತ ಚುರುಕಾಗಿರುತ್ತಾರೆ.

ಸಾಲಿಸಿಟರ್‌ಗಳ ಹೆಸರನ್ನು ಅಲ್ಲಿನ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ನೋಂದಣಿ ಪಟ್ಟಿಯಲ್ಲಿ ಯಾರೂ ಪರೀಕ್ಷಿಸಬಹುದು. ಅದಕ್ಕಿಂತ ಮೊದಲು ಹುಡುಗ ಸಂಸ್ಥೆಯವರನ್ನು ಒಂದು ಮಾತು ಕೇಳಲಿ: “ಆ ದಿನ ನನ್ನ ಜೊತೆ ಬಂದು ಕೂರುವವರು ಈ ನಾಲ್ವರಲ್ಲಿ ಯಾರು?” ಪರಿಚಯ ಪತ್ರ ಒಬ್ಬರದು, ಬರುವವರು ಇನ್ನೊಬ್ಬರು ಎಂಬುದು ಲೀಡ್ಸ್‌ನಲ್ಲೂ ಉಂಟು, ಬೆಳಗಾವಿಯಲ್ಲೂ ಉಂಟು.

ಪ್ರಶ್ನೆ: ನನ್ನ ತಮ್ಮನ ಮೇಲೆ ಕೊಲೆ ಯತ್ನದ ಪ್ರಕರಣವಿದ್ದು, ಸತ್ರ ನ್ಯಾಯಾಲಯದಲ್ಲಿ ವಿಚಾರಣೆ ಆರಂಭವಾಗಲಿದೆ. ಡಾಕ್ಟರರ ಬೋರ್ಡಿನ ಮೇಲೆ ಹೃದಯ ತಜ್ಞ, ಮೂಳೆ ತಜ್ಞ ಎಂದು ಬರೆದಂತೆ ವಕೀಲರ ಬೋರ್ಡಿನ ಮೇಲೆ ಏಕೆ ಬರೆದಿರುವುದಿಲ್ಲ? ಒಬ್ಬರು ಹಿಂದೆ ಸರ್ಕಾರಿ ಅಭಿಯೋಜಕರಾಗಿದ್ದವರೆಂದು ಕೇಳಿದ್ದೇವೆ. ಅವರಿಗೆ ವಕಾಲತ್ತು ಕೊಡಬಹುದೇ?
— ಓದುಗರು, ವಿಜಯಪುರ

ಉತ್ತರ: ಬರೆಸುವಂತಿಲ್ಲ, ಅದಕ್ಕೇ ಇಲ್ಲ. ವಕೀಲರು ಜಾಹೀರಾತು ಕೊಡುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮ ತಡೆಯುತ್ತದೆ. ತಾನು ಮಾಜಿ ನ್ಯಾಯಾಧೀಶ, ಇಂಥ ಸಂಘದ ಅಧ್ಯಕ್ಷ, ಇಂಥ ಪ್ರಕರಣಗಳಲ್ಲಿ ಪರಿಣತ ಎಂದು ಫಲಕದಲ್ಲಿ ಹಾಕಿಕೊಳ್ಳುವುದೂ ನಿಷಿದ್ಧ. 2008ರ ತಿದ್ದುಪಡಿಯಿಂದ ಜಾಲತಾಣದಲ್ಲಿ ವಿದ್ಯಾರ್ಹತೆ, ನೋಂದಣಿ ಸಂಖ್ಯೆ, ಕೆಲಸ ಮಾಡುವ ಕ್ಷೇತ್ರ ಇಷ್ಟನ್ನು ಹಾಕಲು ಅವಕಾಶವಾಯಿತು. ಸಾಲಿಸಿಟರ್, ಬ್ಯಾರಿಸ್ಟರ್ ಎಂಬ ಭೇದವೂ 1961ರ ವಕೀಲರ ಕಾಯ್ದೆಯಲ್ಲಿ ಇಲ್ಲ. ವಕೀಲರು ಮತ್ತು ಹಿರಿಯ ವಕೀಲರು, ಇವೆರಡೇ ವರ್ಗ. ಹಿರಿಯ ವಕೀಲ ಎಂಬುದು ವಯಸ್ಸಿನಿಂದ ಬರುವುದಲ್ಲ, ಹೈಕೋರ್ಟು ಅಥವಾ ಸುಪ್ರೀಂ ಕೋರ್ಟು ಕೊಡುವ ಮನ್ನಣೆ.

ಅಭಿಯೋಜಕರಾಗಿದ್ದವರಿಗೆ ದೋಷಾರೋಪ ಪಟ್ಟಿಯ ದುರ್ಬಲ ಹೊಲಿಗೆ ಎಲ್ಲಿರುತ್ತದೆಂಬುದು ಬೇಗ ಕಾಣುತ್ತದೆ. ಇದೇ ಪ್ರಕರಣದಲ್ಲಿ ಅವರು ಸರ್ಕಾರದ ಪರ ಇದ್ದಿರಬಾರದು, ಅಷ್ಟೇ. ಆದರೆ ಆ ಹಳೆಯ ಹುದ್ದೆಯೊಂದನ್ನೇ ನಂಬಿ ವಕಾಲತ್ತಿಗೆ ಸಹಿ ಹಾಕಬೇಡಿ. ಜಾಮೀನು ಕೊಡಿಸುವುದರಲ್ಲಿ ನುರಿತವರು ಬೇರೆ, ಪಾಟೀ ಸವಾಲಿನಲ್ಲಿ ನುರಿತವರು ಬೇರೆ. ತಮ್ಮನಿಗೆ ಈಗ ಬೇಕಾದವರು ಎರಡನೆಯವರು.

ಕೋರ್ಟಿನ ಬಾಗಿಲು ತೆರೆದೇ ಇರುತ್ತದೆ. ಎರಡು ದಿನ ಸತ್ರ ನ್ಯಾಯಾಲಯದ ಹಿಂದಿನ ಬೆಂಚಿನ ಮೇಲೆ ಕುಳಿತು ಅವರ ಕೆಲಸ ನೋಡಿ. ನಾನು ಜೂನಿಯರ್ ಆಗಿದ್ದಾಗ ಬೆಳಗಾವಿಯಲ್ಲಿ ಕಂಡದ್ದು: ಕಬ್ಬಿನ ಹೊಲದಲ್ಲಿ ಕುಡುಗೋಲು ಜಪ್ತಿಯಾಯಿತೆಂಬ ಪಂಚನಾಮೆ, ಕಟಕಟೆಯಲ್ಲಿ ಪಂಚ ಸಾಕ್ಷಿ. ಆರೋಪಿಯ ವಕೀಲರು ಎದ್ದು, ಧ್ವನಿ ಏರಿಸದೆ, “ಸಹಿ ಎಲ್ಲಿ ಕೂತು ಮಾಡಿದ್ರಿ?” ಎಂದರು. “ಸ್ಟೇಷನ್‌ದಾಗರೀ, ಚಾ ಕುಡದ ಮ್ಯಾಲೆ” ಎಂದ ಆತ. ವಕೀಲರು ಕಡತ ಮುಚ್ಚಿ ಕುಳಿತುಬಿಟ್ಟರು. ಹೊಸಬರಾಗಿದ್ದರೆ “ಹಾಗಾದರೆ ಹೊಲಕ್ಕೆ ಹೋಗಲೇ ಇಲ್ಲವೇ?” ಎಂದು ಕೇಳಿ, “ಹೋಗಿದ್ವಿರೀ” ಎಂಬ ಉತ್ತರ ಪಡೆದು, ಕೈಗೆ ಬಂದದ್ದನ್ನು ಕಳೆದುಕೊಳ್ಳುತ್ತಿದ್ದರು. ಅಭಿಯೋಜಕರಿಗೆ ಸಾಕ್ಷಿಯನ್ನು ಮತ್ತೆ ಪ್ರಶ್ನಿಸುವ ಹಕ್ಕಿದ್ದರೂ ಆ ಚಹಾದ ಲೋಟವನ್ನು ದಾಖಲೆಯಿಂದ ಅಳಿಸಲಾಗಲಿಲ್ಲ.

ಇ-ಕೋರ್ಟ್ಸ್ ಸೇವೆಯಲ್ಲಿ ವಕೀಲರ ಹೆಸರಿನಿಂದಲೇ ಅವರ ಪ್ರಕರಣಗಳನ್ನು ಹುಡುಕಬಹುದು. ವಿಚಾರಣೆಯ ಕೊನೆಯವರೆಗೆ ನಡೆಸಿದ ಸತ್ರ ಪ್ರಕರಣಗಳು ಎಷ್ಟಿವೆ ನೋಡಿ. 2024ರ ಜುಲೈ 1ರಿಂದ ಕ್ರಿಮಿನಲ್ ಪ್ರಕರಣಗಳಿಗೆ ಹೊಸ ಮೂರು ಕಾಯ್ದೆಗಳು ಬಂದಿವೆ, ಕೊಲೆ ಯತ್ನಕ್ಕಿದ್ದ ಹಳೆಯ ದಂಡ ಸಂಹಿತೆಯ 307ನೆಯ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 109. ಘಟನೆ ಅದಕ್ಕೂ ಹಿಂದಿನದಾದರೆ ಅಪರಾಧಕ್ಕೆ ಹಳೆಯ ಕಲಮೇ. ಇದನ್ನು ತಡವರಿಸದೆ ಬಿಡಿಸಿ ಹೇಳುತ್ತಾರೆಯೇ ಗಮನಿಸಿ. ಹೈಕೋರ್ಟಿಗೆ ಹೋಗುವ ಸಂದರ್ಭ ಬಂದರೆ ವಿಜಯಪುರದವರಿಗೆ ಕಲಬುರಗಿ ಪೀಠ, ಕೃಷ್ಣೆ ದಾಟಿ ಜಮಖಂಡಿಗೆ ಬಂದರೆ ಧಾರವಾಡ ಪೀಠ. ಅಲ್ಲಿ ಯಾರಿಗೆ ಒಪ್ಪಿಸುತ್ತಾರೆಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. “ಬಿಡುಗಡೆಯಾದರೆ ಇಷ್ಟು, ಇಲ್ಲದಿದ್ದರೆ ಏನೂ ಬೇಡ” ಎಂದು ಯಾರಾದರೂ ಶುಲ್ಕ ಹೇಳಿದರೆ ಎದ್ದು ಬನ್ನಿ. ಫಲಿತಾಂಶಕ್ಕೆ ಗಂಟು ಹಾಕಿದ ಶುಲ್ಕಕ್ಕೆ ನಿಯಮದಲ್ಲಿ ಆಸ್ಪದವಿಲ್ಲ.

ಪ್ರಶ್ನೆ: ಅಣ್ಣ ಜೈಲಿನಲ್ಲಿದ್ದಾನೆ. ಸರ್ಕಾರ ಕೊಡುವ ಉಚಿತ ವಕೀಲರು ಹೊಸಬರೇ ಆಗಿರುತ್ತಾರಂತೆ, ನಿಜವೇ?
— ಓದುಗರು, ಮುಧೋಳ

ಉತ್ತರ: ಪೂರ್ತಿ ನಿಜವಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ರೂಪಿಸಿದ ಯೋಜನೆಯಂತೆ, ಆರೋಪಿಗಳ ಪರವಾಗಿಯೇ ಕೆಲಸ ಮಾಡುವ ಪೂರ್ಣಾವಧಿ ವಕೀಲರ ಕಚೇರಿಗಳಿವೆ. ಅವುಗಳ ಮುಖ್ಯಸ್ಥರಿಗೆ ಕ್ರಿಮಿನಲ್ ವಕೀಲಿಯಲ್ಲಿ ಕನಿಷ್ಠ 10 ವರ್ಷದ ಅನುಭವ ಬೇಕು, ಸಾಮಾನ್ಯವಾಗಿ 30 ಸತ್ರ ಪ್ರಕರಣಗಳ ವಿಚಾರಣೆ ನಡೆಸಿರಬೇಕು. ಸಹಾಯಕರು ಮಾತ್ರ ಹೊಸಬರು. ಬಂಧನದಲ್ಲಿರುವವರಿಗೆ ಆದಾಯ ಮಿತಿಯ ಪ್ರಶ್ನೆಯೇ ಇಲ್ಲ. ಜೈಲಿನ ಅಧಿಕಾರಿಗಳ ಮೂಲಕ ಅಣ್ಣನೇ ಅರ್ಜಿ ಕೊಡಬಹುದು, ಇಲ್ಲವೇ ತಾವು ಬಾಗಲಕೋಟೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೋಗುವಾಗ ಎಫ್‌ಐಆರ್ ಪ್ರತಿ, ದೋಷಾರೋಪ ಪಟ್ಟಿ ಬಂದಿದ್ದರೆ ಅದರ ಪ್ರತಿ, ಮುಂದಿನ ತಾರೀಖು ಬರೆದ ಚೀಟಿ ಜೊತೆಗಿರಲಿ.