ಅಂಗಿಗೆ ಕತ್ತರಿ ಹಾಕುವ ಮುಂಚೆ: ಮಗಳನ್ನು ಕಳೆದುಕೊಂಡ ತಾಯಿ ಮತ್ತು ಕೌದಿ

(ಗುರುತು ಸಿಗದಂತೆ ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದೆ.)

ಧಾರವಾಡ ಜಿಲ್ಲೆಯ ಒಂದು ಹಳ್ಳಿ. ಶಾಂತವ್ವ, 36 ವರ್ಷ. ಗಂಡನದು ಒಕ್ಕಲುತನ. ಹದಿಮೂರು ವರ್ಷದ ಮಗ ಇದ್ದಾನೆ. ಒಂಬತ್ತು ವರ್ಷದ ಮಗಳು ಆಷಾಢದಲ್ಲಿ ಡೆಂಗಿ ಜ್ವರದಿಂದ ತೀರಿಕೊಂಡಳು. ಐದು ತಿಂಗಳ ಮೇಲೆ ನಾದಿನಿ ಇವರನ್ನು ಆಪ್ತಸಲಹೆಗೆ ಕರೆತಂದರು. ನೆವ ಕೌದಿಯದು, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಹೊದಿಕೆಯದು. ಮಗಳ ಅಂಗಿಗಳನ್ನೆಲ್ಲ ಕೂಡಿಸಿ ಒಂದು ಕೌದಿ ಹೊಲಿಯುತ್ತೇನೆಂದು ಶಾಂತವ್ವ ಕತ್ತರಿ ಹಿಡಿದು ಕೂತಿದ್ದರು. ಮೊದಲ ಅಂಗಿಯ ತೋಳು ಬೇರೆಯಾದದ್ದೇ ತಡ, ಅದನ್ನು ಎದೆಗವಚಿಕೊಂಡು ಮಲಗಿದವರು ಎರಡು ದಿನ ಊಟ ಮುಟ್ಟಲಿಲ್ಲ. ಅತ್ತೆ ಉಳಿದ ಬಟ್ಟೆಯನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದರು, ಅಮಾವಾಸ್ಯೆಯೊಳಗೆ ಯಾರಿಗಾದರೂ ಕೊಟ್ಟುಬಿಡೋಣ ಎಂದರು. ಮನೆಯಲ್ಲಿ ಮಾತು ನಿಂತಿತು.

ಕೌದಿ ಹೊಲಿಯಬೇಕೋ ಬಿಡಬೇಕೋ ಎಂದು ಮನೆಯವರು ಕೇಳಿದರು. ಹೊಲಿಯಲಿ, ಆದರೆ ಮಗಳ ಅಂಗಿಯಿಂದ ಶುರು ಮಾಡುವುದು ಬೇಡ ಎಂದು ಹೇಳಲಾಯಿತು. ಕೈಕೆಲಸ ದುಃಖಕ್ಕೆ ಒಳ್ಳೆಯದು ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಯಾವ ಕೆಲಸ, ಎಷ್ಟು ಹೊತ್ತು, ಯಾವ ಬಟ್ಟೆ ಎಂದು ಕೇಳುವವರು ಕಡಿಮೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ ಅಂಗಿ ಮತ್ತೆ ಅಂಗಿಯಾಗುವುದಿಲ್ಲ.

ಕೌದಿಯ ಮಾತಿಗೆ ಮುಂಚೆ ಜೀವಭದ್ರತೆಯ ಪ್ರಶ್ನೆಗಳು ಬಂದವು. ನಾದಿನಿಯನ್ನು ಹೊರಗೆ ಕೂರಿಸಿ, ಸುತ್ತು ಬಳಸದೆ ಕೇಳಲಾಯಿತು: "ಅಕ್ಕಾರ, ಮಗಳ ಹಿಂದನ ಹೋಗಬೇಕು ಅನ್ನಸ್ತದೇನ್ರಿ? ಹೆಂಗಂತ ವಿಚಾರ ಮಾಡೀರೇನು?" ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಹಲವರಿಗಿದೆ. ಅದಕ್ಕೆ ಆಧಾರವಿಲ್ಲ. ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚು. ಶಾಂತವ್ವ ಹೇಳಿದ್ದು: "ಹೋಗಬೇಕ್ ಅನ್ನಸ್ತದ್ರಿ. ಹುಡುಗನ ಮಾರಿ ನೋಡಿ ಸುಮ್ಮ ಆಗ್ತೇನಿ." ಹೇಗೆ ಎಂಬ ಯೋಜನೆ ಇರಲಿಲ್ಲ. ಆದರೂ ಮನೆಯ ಮೂಲೆಯಲ್ಲಿ ಹತ್ತಿಗೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಗಳಿದ್ದವು. ಒಕ್ಕಲುತನದ ಮನೆಯಲ್ಲಿ ಇದನ್ನು ಕೇಳದೆ ಮುಂದೆ ಹೋಗಬಾರದು. ಡಬ್ಬಿಗಳು ಅಂದೇ ಹೊಲದ ಮನೆಯ ಪೆಟ್ಟಿಗೆಗೆ ಹೋದವು, ಕೀಲಿ ಮೈದುನನ ಕೈಗೆ ಬಂತು. ರಾತ್ರಿ ತಡೆಯಲಾರದಷ್ಟಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿ, ಸಂಖ್ಯೆಯನ್ನು ಗಂಡನ ಮೊಬೈಲಿನಲ್ಲೂ ಮಗನ ಪಾಟಿಚೀಲದ ಚೀಟಿಯಲ್ಲೂ ಬರೆಸಲಾಯಿತು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಈ ಉಚಿತ ಸೇವೆ ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತನಾಡಬಹುದು.

ಇದು ಕಾಯಿಲೆಯೇ ಎಂದು ಗಂಡ ಕೇಳಿದರು. ಬಹುಕಾಲ ಸಡಿಲವಾಗದೆ ಬದುಕನ್ನೇ ನಿಲ್ಲಿಸುವ ದುಃಖಕ್ಕೆ 'ದೀರ್ಘಕಾಲೀನ ಶೋಕ' ಎಂಬ ರೋಗನಿರ್ಣಯ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ ಅದಕ್ಕೆ ಕನಿಷ್ಠ 6 ತಿಂಗಳು ಕಳೆದಿರಬೇಕು. ಅಮೆರಿಕದ ಮನೋವೈದ್ಯರ 2022ರ ಪಟ್ಟಿಯಂತೆ ದೊಡ್ಡವರಲ್ಲಿ 12 ತಿಂಗಳು. ಐದನೆಯ ತಿಂಗಳಿನಲ್ಲಿ ಆ ಹೆಸರು ಹಚ್ಚುವ ಅಗತ್ಯವೂ ಇಲ್ಲ, ಹಕ್ಕೂ ಇಲ್ಲ. ದುಃಖಕ್ಕೆ ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂದು ಐದು ಹಂತ, ಇವಳು ಮೊದಲನೆಯದರಲ್ಲೇ ನಿಂತಿದ್ದಾಳೆ ಎಂದು ನೆಂಟರೊಬ್ಬರು ಹೇಳಿ ಹೋಗಿದ್ದರಂತೆ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಐದನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತನಾಡಿ. ಮಗು ಕಳೆದುಕೊಂಡವರು ಹತ್ತಬೇಕಾದ ಮೆಟ್ಟಿಲು ಅವಲ್ಲ. ಶೋಕದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿಚಾರ ಇಂಥ ಮನೆಗಳಿಗೆ ಹೆಚ್ಚು ಹೊಂದುತ್ತದೆ: ಮನಸ್ಸು ಒಮ್ಮೆ ಕಳೆದುಹೋದುದರ ಕಡೆ ವಾಲುತ್ತದೆ, ಒಮ್ಮೆ ಹಾಲು, ಹೊಲ, ಅಡುಗೆಯ ಕಡೆ ವಾಲುತ್ತದೆ. ಎರಡೂ ಬೇಕು. ಗಂಡ ದಿನವಿಡೀ ಹೊಲದಲ್ಲಿದ್ದರೆ ಮಗಳನ್ನು ಮರೆತರೆಂದಲ್ಲ. ಹೆಂಡತಿ ದಿನವಿಡೀ ಅತ್ತರೆ ಕೆಟ್ಟುಹೋದಳೆಂದೂ ಅಲ್ಲ. ಇಷ್ಟು ಹೇಳಿದ ಮೇಲೆ ದಂಪತಿ ಪರಸ್ಪರರ ಮುಖ ನೋಡಿ ಮಾತಾಡಿದರು.

ಇನ್ನು ತಪ್ಪಿತಸ್ಥ ಭಾವ. "ಐದನೇ ದಿನಾ ಜ್ವರಾ ಇಳೀತ್ರಿ. ಆರಾಮಾತು ಅಂತ ಪಂಚಮಿ ಅರಿವಿ ತರಾಕ ಪ್ಯಾಟಿಗೆ ಹೋದೆ. ಬರೂದ್ರಾಗ ಕೂಸಿನ ಕೈಕಾಲು ತಣ್ಣಗಾಗಿದ್ವು." ಇಂಥ ಮಾತಿಗೆ 'ನಿಮ್ಮ ತಪ್ಪೇನಿಲ್ಲ' ಎಂದು ಥಟ್ಟನೆ ಉತ್ತರಿಸಿದರೆ ತಾಯಿ ನಂಬುವುದಿಲ್ಲ, ಮುಂದೆ ಹೇಳುವುದನ್ನೂ ಬಿಡುತ್ತಾಳೆ. ಇಲ್ಲಿ ಬೇಕಾಗಿದ್ದದ್ದು ವೈದ್ಯಕೀಯ ವಿವರ. ಮಕ್ಕಳ ವೈದ್ಯರೊಬ್ಬರ ಜೊತೆ ಅರ್ಧ ಗಂಟೆ ಕೂರಿಸಲಾಯಿತು. ಡೆಂಗಿಯಲ್ಲಿ ಅಪಾಯದ ಹೊತ್ತು ಬರುವುದೇ ಜ್ವರ ಇಳಿಯುವಾಗ, ಸಾಮಾನ್ಯವಾಗಿ 3ರಿಂದ 7ನೆಯ ದಿನದೊಳಗೆ. ಸಣ್ಣ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದ ಒತ್ತಡ ಕುಸಿಯುತ್ತದೆ, ಆದರೆ ಮೈ ಮುಟ್ಟಿದವರಿಗೆ ಜ್ವರ ಬಿಟ್ಟಂತೆ ಕಾಣುತ್ತದೆ. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ, ತಣ್ಣನೆಯ ಕೈಕಾಲು ಇವು ಎಚ್ಚರಿಕೆಯ ಚಿಹ್ನೆಗಳು. ಇದನ್ನು ಊರಿನಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಕೇಳಿ ಶಾಂತವ್ವನಿಗೆ ಸಮಾಧಾನವಾಯಿತು ಎಂದಲ್ಲ. 'ನಾ ಕೊಂದೆ' ಎನ್ನುತ್ತಿದ್ದವರು 'ನನಗ ಗೊತ್ತಿರಲಿಲ್ಲ' ಎನ್ನತೊಡಗಿದರು. ಆ ಎರಡು ಮಾತಿನ ನಡುವೆ ಬಹಳ ದೂರವಿದೆ.

ಈಗ ಕೌದಿ. ಮೊದಲನೆಯದು ಮಗಳದಲ್ಲದ ಬಟ್ಟೆಯಲ್ಲಿ, 3 ಅಡಿ ಅಗಲ 4 ಅಡಿ ಉದ್ದದ ಕೂಸಿನ ಕೌದಿ ಎಂದು ಗೊತ್ತುಮಾಡಲಾಯಿತು. ತೊಳೆದು ಮೆತ್ತಗಾದ ಒಂದು ಹತ್ತಿ ಸೀರೆ ಸಾಕು. ಐದೂವರೆ ಮೀಟರಿನ ಸೀರೆಯಲ್ಲಿ ಈ ಅಳತೆಯ ನಾಲ್ಕು ತುಂಡು ಬರುತ್ತವೆ. ಮೂರನ್ನು ಒಂದರ ಮೇಲೊಂದು ಹಾಸಿ ಪದರ ಮಾಡಿ, ನಾಲ್ಕನೆಯದನ್ನು ಅಂಚಿಗೂ ತೇಪೆಗೂ ಇಟ್ಟುಕೊಳ್ಳಬಹುದು. ಮೇಲಿನ ತೇಪೆಗೆ ಹಳೆಯ ಕುಪ್ಪಸ, ದರ್ಜಿಯ ಅಂಗಡಿಯ ಚೂರು. ಪದರಗಳನ್ನು ಹಾಸಿದ ಮೇಲೆ ಒಂದು ಗೇಣು ಅಂತರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಲೇಬೇಕು. ಬಿಟ್ಟರೆ ಒಳಗಿನ ಪದರ ಜಾರಿ, ಒಂದು ಮೂಲೆ ಉಬ್ಬಿ ಇನ್ನೊಂದು ಬರಿದಾಗುತ್ತದೆ. ನಂತರ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿನ ಕಡೆ ಬರುವುದು, ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ದಾರ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು, ಉದ್ದವಾದರೆ ಗಂಟು ಬೀಳುತ್ತದೆ. ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಸಾಲು ಮುಗಿದಾಗಲೊಮ್ಮೆ ಅಂಗೈಯಿಂದ ಸವರಿ ದಾರ ಸಡಿಲಿಸಬೇಕು.

ಈ ವಿವರವೆಲ್ಲ ಉತ್ತರ ಕರ್ನಾಟಕದ ಯಾವ ಅಜ್ಜಿಗೂ ಗೊತ್ತು. ಆಪ್ತಸಲಹೆಯಲ್ಲಿ ಇದು ಯಾಕೆ? ದುಃಖದಲ್ಲಿ ಗಮನ ಒಂದೆಡೆ ನಿಲ್ಲದು, ಓದಿದ್ದು ತಲೆಗೆ ಹೋಗದು, ಉಪ್ಪು ಹಾಕಿದ್ದು ನೆನಪಿರದು. ಕೌದಿಯ ಓಟದ ಹೊಲಿಗೆಗೆ ಅಷ್ಟೇ ಗಮನ ಸಾಕು. ಎಲ್ಲಿ ಬಿಟ್ಟಿದ್ದರೂ ಅಲ್ಲಿಂದಲೇ ಹಿಡಿಯಬಹುದು. ಕಣ್ಣೀರು ಬಂದಾಗ ಸೂಜಿ ಚುಚ್ಚಿ ಇಟ್ಟು ಅತ್ತು, ಮತ್ತೆ ತೆಗೆದುಕೊಳ್ಳಬಹುದು. ಕಸೂತಿಯಂತೆ ಎಳೆ ಎಣಿಸುವ ಕೆಲಸ ಈ ಹೊತ್ತಿಗೆ ಬೇಡ, ಎಣಿಕೆ ತಪ್ಪಿದಾಗ 'ಇದೂ ನನ್ನ ಕೈಲಾಗದು' ಎಂಬ ಮಾತು ಬಂದುಬಿಡುತ್ತದೆ.

ಹೊತ್ತು ಕಟ್ಟಲಾಯಿತು: ಬೆಳಕಿದ್ದಾಗ 45 ನಿಮಿಷ, ಹೆಚ್ಚೆಂದರೆ ಎರಡು ಸಲ. ರಾತ್ರಿ ಹೊಲಿಯಬಾರದು. ಮೂರನೆಯ ವಾರ ಶಾಂತವ್ವ ರಾತ್ರಿ ಎರಡರ ತನಕ ಹೊಲಿಯತೊಡಗಿದರು. ಮನೆಯವರಿಗೆ ಅದು ಸುಧಾರಣೆಯಂತೆ ಕಂಡಿತ್ತು. ನಿದ್ದೆಯನ್ನೂ ಹಾಸಿಗೆಯನ್ನೂ ತಪ್ಪಿಸುವ ಹೊಲಿಗೆ ಪರಿಹಾರವಾಗದು. ಮಗಳು ಮಲಗುತ್ತಿದ್ದ ಮಗ್ಗುಲು ಖಾಲಿ ಇರುವುದರಿಂದ ಹಾಸಿಗೆಗೆ ಹೋಗಲು ಭಯ ಎಂಬುದು ವಿಚಾರಿಸಿದಾಗ ತಿಳಿಯಿತು. ಸೂಜಿಡಬ್ಬಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆಯ ವಶಕ್ಕೆ ಹೋಯಿತು, ನಾದಿನಿ ಕೆಲವು ವಾರ ಆ ಮಗ್ಗುಲಿನಲ್ಲಿ ಮಲಗಿದರು.

ಮಗಳ ಬಟ್ಟೆಗೆ ಬೇರೆ ದಾರಿ. ಅಟ್ಟದ ಗಂಟು ಇಳಿಸಿ ಮೂರು ಪಾಲು ಮಾಡಲು ಹೇಳಲಾಯಿತು: ಎಂದೂ ಕತ್ತರಿಸದವು, ಕತ್ತರಿಸಬಹುದಾದವು, ಆಮೇಲೆ ನೋಡೋಣ ಎನ್ನುವವು. ಈ ಕೆಲಸಕ್ಕೆ ಗಂಡ, ಮಗ, ಅತ್ತೆ ಮೂವರೂ ಇರಬೇಕು, ಯಾರು 'ಬೇಡ' ಎಂದರೂ ಆ ಬಟ್ಟೆ ಮೂರನೆಯ ಪಾಲಿಗೆ ಹೋಗಬೇಕು. ಮೈಯ ವಾಸನೆ ಉಳಿದಿರುವ ಒಂದು ಬಟ್ಟೆಯನ್ನು ತೊಳೆಯದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಬೇಕು. ಸ್ವಚ್ಛತೆಯ ಹೆಸರಿನಲ್ಲಿ ಬಂಧುಗಳು ಎಲ್ಲವನ್ನೂ ಒಗೆದು ಹಾಕುವುದು ಅನೇಕ ಮನೆಗಳಲ್ಲಿ ಆಗುತ್ತದೆ, ಆ ನಷ್ಟ ತುಂಬಲು ಬರುವುದಿಲ್ಲ. ಪಂಚಮಿಗೆ ತಂದು ಒಮ್ಮೆಯೂ ತೊಡದ ಫ್ರಾಕು ಮೊದಲ ಪಾಲಿಗೆ ಹೋಯಿತು. ಹೊಸದು, ಬೇರೆ ಮಗುವಿಗಾದರೂ ಆಗಲಿ ಎಂದು ಅತ್ತೆ ಅಂದರು. ಮಗ ಒಪ್ಪಲಿಲ್ಲ. ಐದು ತಿಂಗಳಲ್ಲಿ ತಂಗಿಯ ವಿಷಯದಲ್ಲಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

ಕತ್ತರಿಸಲು ಒಪ್ಪಿಗೆಯಾದ ಬಟ್ಟೆಗಳ ಗುಣ ನೋಡಬೇಕು. ಶಾಲೆಯ ಸಮವಸ್ತ್ರ ಟೆರಿಕಾಟ್, ಹತ್ತಿಯಷ್ಟು ಕುಗ್ಗುವುದಿಲ್ಲ. ಹೊಲಿಯುವ ಮೊದಲೇ ಎಲ್ಲವನ್ನೂ ಒಗೆಯದಿದ್ದರೆ ಮೊದಲ ಒಗೆತಕ್ಕೇ ಅದರ ಸುತ್ತ ನೆರಿಗೆ ಬೀಳುತ್ತದೆ. ಟೀ ಶರ್ಟಿನ ಬಟ್ಟೆ ಎಳೆದತ್ತ ಹಿಗ್ಗುತ್ತದೆ, ಹಿಂದೆ ತೆಳು ಹತ್ತಿಯ ತುಂಡು ಕೊಟ್ಟು ಸುತ್ತ ಕಚ್ಚಾ ಹೊಲಿಗೆ ಹಾಕಿಕೊಂಡೇ ತೇಪೆ ಮಾಡಬೇಕು. ಸ್ವೆಟರ್ ಕತ್ತರಿಸಲೇಬಾರದು, ಎಳೆ ಬಿಚ್ಚಿಕೊಂಡು ಹೋಗುತ್ತದೆ. ಒಂದು ತೋಳು ಮಾತ್ರ ಕತ್ತರಿಸಿದ್ದ ಆ ಮೊದಲ ಅಂಗಿಯ ತೋಳನ್ನು ಮತ್ತೆ ಜೋಡಿಸಿ ಹೊಲಿಯಬೇಕೋ ತೇಪೆಗೆ ಬಿಡಬೇಕೋ? ಶಾಂತವ್ವನಿಗೇ ಬಿಟ್ಟೆವು. ಜೋಡಿಸಿದರು.

ಗೆಳೆತನದ ವಿಷಯ ಎಲ್ಲಕ್ಕಿಂತ ಸಿಕ್ಕಾಗಿತ್ತು. ಪಕ್ಕದ ಓಣಿಯ ನೀಲವ್ವ ಬಾಲ್ಯದ ಗೆಳತಿ, ಆಕೆಯ ಮಗಳು ಇವರ ಮಗಳ ಜೊತೆ ಓದುತ್ತಿದ್ದವಳು. ಸಾವಿನ ನಂತರ ನೀಲವ್ವ ಬರುವುದನ್ನೇ ಬಿಟ್ಟರು. "ನನ್ನ ಮಗಳನ್ನ ನೋಡಿದ್ರ ಆಕಿಗೆ ಸಂಕಟಾಗ್ತದಂತ ಹೋಗಿಲ್ರಿ." ಶಾಂತವ್ವನ ಲೆಕ್ಕದಲ್ಲಿ ಅದು ಕೈಬಿಟ್ಟಂತೆ. ಇಂಥಲ್ಲಿ 'ಆಗಾಗ ಹೋಗಿ ಬರ್ರಿ' ಎಂಬ ಸಲಹೆ ಕೆಲಸ ಮಾಡದು. ದಿನ, ಹೊತ್ತು, ಕೆಲಸ ಮೂರನ್ನೂ ಗೊತ್ತುಮಾಡಬೇಕು. ಸೋಮವಾರ ಎತ್ತಿಗೆ ನೊಗ ಹೂಡದ ದಿನ, ಹೊಲದ ಧಾವಂತ ಕಡಿಮೆ. ಮಧ್ಯಾಹ್ನ ಮೂರಕ್ಕೆ ನೀಲವ್ವ ನಾಲ್ಕು ರೊಟ್ಟಿ, ಒಂದು ಪಲ್ಯ ಕಟ್ಟಿಕೊಂಡು ಬಂದು ಕೌದಿಯ ಇನ್ನೊಂದು ಅಂಚಿನಲ್ಲಿ ಕೂತು ಹೊಲಿಯಬೇಕು. ಒಂದು ಗಂಟೆ ಕಳೆದೊಡನೆ ಏಳಬೇಕು. ಎದುರುಬದುರು ಕೂತು ಮುಖ ನೋಡಿ ಆಡಲಾಗದ ಮಾತು, ಕಣ್ಣು ಬಟ್ಟೆಯ ಮೇಲಿದ್ದಾಗ ಬರುತ್ತದೆ.

ನೀಲವ್ವನಿಗೆ ಕೊಟ್ಟ ಸೂಚನೆ ಚಿಕ್ಕದು. ಮಗುವಿನ ಹೆಸರು ಹಿಡಿದು ಮಾತಾಡಿ. 'ಧೈರ್ಯ ತಗೋ', 'ಇನ್ನೊಂದ್ ಆಗ್ತದ', 'ಇದ್ದ ಮಗನ್ನ ನೋಡು' ಇವು ಬೇಡ. ಅತ್ತರೆ ತಡೆಯಬೇಡಿ, ನಿಮಗೂ ಅಳು ಬಂದರೆ ಎದ್ದು ಹೋಗಬೇಡಿ. ನಿಮ್ಮ ಮಗಳನ್ನು ಕರೆತರುವುದು ಶಾಂತವ್ವ ಕೇಳಿದ ಮೇಲೆ.

ನಂಬಿಕೆಯ ಮಾತು. ಮನೆತನ ಲಿಂಗಾಯತರದು. ಮಗಳು ಹೋದಂದಿನಿಂದ ಶಾಂತವ್ವ ಇಷ್ಟಲಿಂಗ ಪೂಜೆ ಬಿಟ್ಟಿದ್ದರು, ವಿಭೂತಿ ಹಚ್ಚಿರಲಿಲ್ಲ. ಪೂಜೆ ಬಿಟ್ಟಿದ್ದಕ್ಕೇ ಮನೆಗೆ ನೆಮ್ಮದಿಯಿಲ್ಲ ಎಂದು ಒಬ್ಬರು, ಹಿಂದಿನ ಜನ್ಮದ ಕರ್ಮ ಎಂದು ಇನ್ನೊಬ್ಬರು. ಸಾವಿನ ಮನೆಯವಳು ತೊಟ್ಟಿಲ ಕಾರ್ಯಕ್ಕೆ ಬರುವುದು ಬೇಡ ಎಂದೂ ಬಂಧುವೊಬ್ಬರು ಹೇಳಿಕಳಿಸಿದ್ದರು. ಸಾವಿಗೆ ಕಾರಣ ಹೇಳುವ ಕೆಲಸ ಆಪ್ತಸಲಹೆಗಾರರದಲ್ಲ, ದೇವರ ಪರ ವಕಾಲತ್ತೂ ಅವರದಲ್ಲ. ಶಿವನ ಮೇಲೆ ಸಿಟ್ಟಿದ್ದರೆ ಇರಲಿ, ಸಿಟ್ಟು ಬಂದಿದೆ ಎಂದರೆ ಸಂಬಂಧ ಇನ್ನೂ ಇದೆ ಎಂದಷ್ಟೇ ಹೇಳಲಾಯಿತು. ಆದರೆ ತೊಟ್ಟಿಲ ಕಾರ್ಯದ ಮಾತಿಗೆ ಉತ್ತರ ಆ ಸಂಪ್ರದಾಯದೊಳಗೇ ಇತ್ತು: ಶರಣ ಧರ್ಮ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಒಪ್ಪುವುದಿಲ್ಲ. ಇದನ್ನು ಹೊರಗಿನವರು ಹೇಳಿದರೆ ವಾದವಾಗುತ್ತದೆ. ಅವರ ಮಠದ ಹಿರಿಯರಿಂದ ಮನೆಯಲ್ಲೇ ಕೂತು ಹೇಳಿಸಲಾಯಿತು. ಅತ್ತೆಯೇ ಮೊದಲು ತಲೆಯಾಡಿಸಿದರು.

ಪೂಜೆಗೆ ಯಾರೂ ಒತ್ತಾಯಿಸಬಾರದು ಎಂದು ಮನೆಯವರಿಂದ ಮಾತು ತೆಗೆದುಕೊಂಡೆವು. ಬದಲಿಗೆ ಮಠದ ದಾಸೋಹಕ್ಕೆ ವಾರಕ್ಕೊಮ್ಮೆ ರೊಟ್ಟಿ ಬಡಿಯಲು ಹೋಗುವುದನ್ನು ಶಾಂತವ್ವನೇ ಆರಿಸಿಕೊಂಡರು. ಅಲ್ಲಿ ಯಾರೂ ಏನೂ ಕೇಳುವುದಿಲ್ಲವಂತೆ. ಕೂಸಿನ ಕೌದಿಯ ಕೊನೆಯ ತೇಪೆ ಮುಚ್ಚುವಾಗ, ಕೌದಿಯ ಹೊಟ್ಟೆ ಬರಿದಿರಬಾರದೆಂದು ರೊಟ್ಟಿಯ ಚೂರು ಇಡುವ ರೂಢಿ ಕೆಲವು ಕಡೆ ಇದೆ. ಅದನ್ನೂ ಮಾಡಿದರು. ಕಡಲೆಕಾಳಿನಷ್ಟು, ಚೆನ್ನಾಗಿ ಒಣಗಿಸಿದ ಚೂರು ಸಾಕು, ಹಸಿ ಇದ್ದರೆ ಹುಳ, ಇಲಿ. ಕೌದಿ ನಾದಿನಿಯ ಬಾಣಂತನಕ್ಕೆ ಹೋಯಿತು.

ಏಳು ತಿಂಗಳ ಭೇಟಿಗಳ ನಂತರದ ಸ್ಥಿತಿ: ರಾತ್ರಿ ಐದು ಗಂಟೆ ನಿದ್ದೆ, ಎರಡು ಹೊತ್ತು ಊಟ. ಶಾಲೆಯ ದಾರಿಯಲ್ಲಿ ಇನ್ನೂ ಹೋಗಲಾರರು. ವಿಭೂತಿ ಕೆಲವು ದಿನ ಇರುತ್ತದೆ, ಕೆಲವು ದಿನ ಇಲ್ಲ. ಮಗಳ ಬಟ್ಟೆಯಲ್ಲಿ ನಾಲ್ಕನ್ನು ಮಾತ್ರ ಕತ್ತರಿಸಿದ್ದಾರೆ, ಮೂರನೆಯ ಪಾಲು ಹಾಗೇ ಇದೆ, ಇರಲಿ.

ವರ್ಷದ ದಿನವೂ ಪಂಚಮಿಯೂ ಹತ್ತಿರ ಹತ್ತಿರ ಬರುವುದರಿಂದ ಆ ಹದಿನೈದು ದಿನಗಳಿಗೆ ಬೇರೆ ಏರ್ಪಾಡು ಮಾಡಿದೆ. ಓಣಿಯಲ್ಲಿ ಜೋಕಾಲಿ ಕಟ್ಟುವ ದಿನ ಮನೆಯಲ್ಲಿರಬೇಕೋ ತವರಿಗೆ ಹೋಗಬೇಕೋ ಎಂಬುದನ್ನು ಶಾಂತವ್ವ ಹಿಂದಿನ ವಾರವೇ ತೀರ್ಮಾನಿಸಬೇಕು, ಅಂದು ಬೆಳಗ್ಗೆ ಮನಸ್ಸು ಬದಲಾದರೆ ಯಾರೂ ಪ್ರಶ್ನಿಸಬಾರದು. ನೀಲವ್ವ ಸೋಮವಾರದ ಜೊತೆಗೆ ಗುರುವಾರವೂ ಬರುತ್ತಾರೆ. ನಿದ್ದೆ ಮೂರು ರಾತ್ರಿ ಸತತ ತಪ್ಪಿದರೆ, ಊಟ ಬಿಟ್ಟರೆ, ಅಥವಾ ಹೋಗಬೇಕು ಎಂಬ ಮಾತು ಮತ್ತೆ ಬಂದರೆ ಮುಂದಿನ ಭೇಟಿಗೆ ಕಾಯದೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಲು ಗಂಡನಿಗೆ ತಿಳಿಸಿದೆ. ಹತ್ತಿಗೆ ಎಣ್ಣೆ ಹೊಡೆಯುವ ಕಾಲವೂ ಅದೇ. ಡಬ್ಬಿ ಅಂದಂದಿನದು ಅಂದೇ ಹೊಲದ ಪೆಟ್ಟಿಗೆಗೆ ಮರಳಬೇಕು, ಕೀಲಿ ಮೈದುನನ ಹತ್ತಿರವೇ ಇರಬೇಕು.