ತಾರತಮ್ಯವೆಂಬ ಪದಕ್ಕೆ ಎರಡು ಕಾಲಂ ಬೇಕು

ಮಾನ್ಯರೇ,

ಕೊಡಗಿನ ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ಬಹುಕಾಲ ಲೆಕ್ಕ ಬರೆಯುವ ರೈಟರ್ ಆಗಿದ್ದು ಈಗ ನಿವೃತ್ತರಾಗಿರುವ ತಾವು ಬರೆದ ದೀರ್ಘ ಪತ್ರ ತಲುಪಿತು. ಗಂಡಾಳು ಹೆಣ್ಣಾಳುಗಳ ಕೂಲಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ‘ತೋಟದ ಕೂಲಿಯಲ್ಲಿ ತಾರತಮ್ಯ’ ಎಂಬ ಲೇಖನದ ತಲೆಬರಹವೇ ತಪ್ಪು ಎಂಬುದು ತಮ್ಮ ವಾದ. ತಾರತಮ್ಯವೆಂದರೆ ಹೆಚ್ಚು ಕಡಿಮೆ ಎಂಬ ಅಂತರ ಮಾತ್ರ, ಅದರಲ್ಲಿ ದೂಷಣೆಯ ಅರ್ಥವಿಲ್ಲ, ನಾವು ಅದನ್ನು ಬೈಗುಳದ ಹಾಗೆ ಬಳಸಿದ್ದೇವೆ ಎಂದಿದ್ದೀರಿ. ಲೇಖನವನ್ನು ಓದಿ ಹೇಳಿದಾಗ, ಕೇರಳದಿಂದ ಬಂದು ಇಲ್ಲಿಯೇ ನೆಲೆಸಿರುವ ತಮ್ಮ ಹಳೆಯ ಮೇಸ್ತ್ರಿಯವರು ಅದನ್ನು ‘ಕೂಲಿಯ ಹೋಲಿಕೆ’ ಎಂದೇ ತಿಳಿದುಕೊಂಡರೆಂಬ ಸಂಗತಿಯನ್ನು ಇದಕ್ಕೆ ಸಾಕ್ಷಿಯಾಗಿ ಕೊಟ್ಟಿದ್ದೀರಿ. ಗಂಡಾಳಿನ ಕೆಲಸ ಭಾರವಾದದ್ದರಿಂದ ಕೂಲಿಯಲ್ಲಿ ವ್ಯತ್ಯಾಸ ಸಹಜವೆಂದೂ, ವ್ಯತ್ಯಾಸ, ಪಕ್ಷಪಾತ, ಭೇದಭಾವ, ತಾರತಮ್ಯ ಇವೆಲ್ಲವನ್ನೂ ಪತ್ರಿಕೆಯವರು ಒಂದೇ ಚೀಲಕ್ಕೆ ತುಂಬುತ್ತಾರೆಂದೂ ಕೊನೆಯಲ್ಲಿ ಬರೆದಿದ್ದೀರಿ. ಪದದ ವಿಷಯದಲ್ಲಿ ಇಷ್ಟು ಕಾಳಜಿ ಇರುವವರಿಗೆ ಎರಡು ಸಾಲಿನ ಉತ್ತರ ಕೊಡುವುದು ಸಲ್ಲದು.

ಮೊದಲು ಪದದ ಹುಟ್ಟನ್ನು ನೋಡೋಣ. ಇಲ್ಲಿ ತಮ್ಮ ಮಾತೇ ಸರಿ. ಸಂಸ್ಕೃತದಲ್ಲಿ ಎರಡರಲ್ಲಿ ಒಂದು ಹೆಚ್ಚೆನ್ನಲು ‘ತರ’ ಎಂಬ ಪ್ರತ್ಯಯವೂ, ಹಲವರಲ್ಲಿ ಒಂದು ಎಲ್ಲಕ್ಕಿಂತ ಹೆಚ್ಚೆನ್ನಲು ‘ತಮ’ ಎಂಬ ಪ್ರತ್ಯಯವೂ ಬರುತ್ತವೆ. ‘ಗುರುತರವಾದ ಆರೋಪ’ ಎನ್ನುವಾಗಲೂ, ಮಕ್ಕಳು ಶಾಲೆಯಲ್ಲಿ ‘ಲಘುತಮ ಸಾಮಾನ್ಯ ಅಪವರ್ತ್ಯ’ ಕಂಡುಹಿಡಿಯುವಾಗಲೂ ನಾವು ಇವೇ ಪ್ರತ್ಯಯಗಳನ್ನು ಆಡುತ್ತಿರುತ್ತೇವೆ. ‘ಉತ್ತರ’, ‘ಉತ್ತಮ’ ಎಂಬ ದಿನನಿತ್ಯದ ಪದಗಳ ಬಾಲದಲ್ಲಿರುವುದೂ ಇವೇ. ಈ ತರ ಮತ್ತು ತಮಗಳು ಸೇರಿ ‘ತರತಮ’ವಾಯಿತು, ತರತಮದ ಭಾವವು ‘ತಾರತಮ್ಯ’ವಾಯಿತು. ಹಾಗಾಗಿ ಮೂಲದಲ್ಲಿ ಅದು ಮೆಟ್ಟಿಲು ಮೆಟ್ಟಿಲಾದ ಅಂತರವನ್ನು ಹೇಳುವ ಪದವೇ ಹೊರತು ಅನ್ಯಾಯವನ್ನು ಹೇಳುವ ಪದವಲ್ಲ. ಮಧ್ವಾಚಾರ್ಯರ ಸಿದ್ಧಾಂತದಲ್ಲಿ ದೇವತೆಗಳಲ್ಲಿಯೂ ಜೀವರಲ್ಲಿಯೂ ತಾರತಮ್ಯವಿದೆ ಎನ್ನುವಾಗ ಯಾರೋ ಯಾರಿಗೋ ಮೋಸ ಮಾಡಿದ್ದಾರೆಂಬ ಅರ್ಥ ಬರುವುದಿಲ್ಲ. ಪ್ರತಿಯೊಬ್ಬರ ಯೋಗ್ಯತೆಗೆ ಒಂದು ಸ್ಥಾನವಿದೆ ಎಂಬುದಷ್ಟೇ ಅಲ್ಲಿನ ಅಭಿಪ್ರಾಯ. ‘ತರತಮ ಜ್ಞಾನ’ ಉಳ್ಳವನೆಂದು ಇಂದಿಗೂ ಯಾರನ್ನಾದರೂ ಹೊಗಳಿದರೆ ಅದು ಹೊಗಳಿಕೆಯೇ.

ನಮ್ಮ ಜಿಲ್ಲೆಯಲ್ಲಿ ಈ ಹಳೆಯ ಅರ್ಥಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಾಫಿ ಬೀಜವನ್ನು ಜರಡಿಯ ಕಣ್ಣಿನ ಅಳತೆಗೆ ತಕ್ಕಂತೆ ಬೇರ್ಪಡಿಸಿ ಎಎ, ಎ, ಬಿ ಎಂದು ದರ್ಜೆ ಕಟ್ಟುವುದು, ಒಂಟಿ ಬೀಜದ ಪೀಬೆರಿಯನ್ನು ಬೇರೆ ಇಡುವುದು, ಕಪ್ಪು ಬೀಜವನ್ನೂ ಒಡಕನ್ನೂ ಆರಿಸಿ ತೆಗೆಯುವುದು, ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೊಂದು ಬೆಲೆ, ಹಣ್ಣಾಗಿಯೇ ಒಣಗಿಸಿದ ಚೆರ್ರಿಗೊಂದು ಬೆಲೆ ಕಟ್ಟುವುದು, ಇವೆಲ್ಲ ಆ ಅರ್ಥದಲ್ಲಿ ತಾರತಮ್ಯಗಳೇ. ಅವುಗಳ ಬಗ್ಗೆ ಯಾವ ಬೀಜವೂ ದೂರು ಕೊಡುವುದಿಲ್ಲ, ಏಕೆಂದರೆ ಬೀಜವನ್ನು ಅಳೆದ ಮೇಲೆ ದರ್ಜೆ ಬರೆಯುತ್ತಾರೆ. ಅಳೆಯುವ ಮೊದಲೇ ದರ್ಜೆ ಬರೆದಿಟ್ಟರೆ ಏನಾಗುತ್ತದೆಂಬ ಪ್ರಶ್ನೆಗೆ ಮುಂದೆ ಬರುತ್ತೇನೆ.

ಮೇಸ್ತ್ರಿಯವರು ತಿಳಿದುಕೊಂಡದ್ದು ಅವರ ಭಾಷೆಯ ಮಟ್ಟಿಗೆ ಪೂರ್ತಿ ಸರಿ. ಮಲಯಾಳದಲ್ಲಿ ‘ತಾರತಮ್ಯಂ’ ಎಂದರೆ ಹೋಲಿಕೆ. ನಾವು ‘ತೌಲನಿಕ ಅಧ್ಯಯನ’ ಎನ್ನುವುದನ್ನು ಅವರು ‘ತಾರತಮ್ಯ ಪಠನಂ’ ಎನ್ನುತ್ತಾರೆ. ಇನ್ನೂ ಸೋಜಿಗದ ಸಂಗತಿ ಏನೆಂದರೆ, ನಾವು ತಾರತಮ್ಯ ಎನ್ನುವ ಕಡೆ ಅವರು ಬಳಸುವ ಪದ ‘ವಿವೇಚನಂ’. ಕನ್ನಡದಲ್ಲಿ ವಿವೇಚನೆ ಎಂದರೆ ಒಳಿತು ಕೆಡುಕುಗಳನ್ನು ಬೇರ್ಪಡಿಸಿ ನೋಡುವ ಒಳ್ಳೆಯ ಗುಣ. ಒಂದೇ ಸಂಸ್ಕೃತದ ಕಣಜದಿಂದ ಎರಡು ಪದಗಳನ್ನು ಎರಡೂ ಭಾಷೆಗಳು ತೆಗೆದುಕೊಂಡು, ನಿಂದೆಯ ಭಾರವನ್ನು ನಾವು ಒಂದರ ಮೇಲೆ ಹೊರಿಸಿದರೆ ಅವರು ಮತ್ತೊಂದರ ಮೇಲೆ ಹೊರಿಸಿದ್ದಾರೆ. ಮಾಕುಟ್ಟದ ಘಟ್ಟ ಇಳಿದು ಕೇರಳಕ್ಕೆ ಹೋದರೆ ವಿವೇಚನೆ ದೋಷವಾಗುತ್ತದೆ, ಘಟ್ಟ ಹತ್ತಿ ಬಂದರೆ ತಾರತಮ್ಯ ದೋಷವಾಗುತ್ತದೆ. ಹಿಂದಿಯವರಿಗಂತೂ ‘ತಾರತಮ್ಯ’ವೆಂದರೆ ಒಂದರೊಡನೊಂದು ಹೊಂದಿಕೊಂಡು ಸಾಗುವ ಕ್ರಮ. ಎರಡು ಭಾಷೆಗಳ ಆಳುಗಳು ಒಟ್ಟಿಗೆ ದುಡಿಯುವ ತೋಟದಲ್ಲಿ ಸೂಚನಾಫಲಕ ಬರೆಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ಆದರೆ ಪದದ ಅರ್ಥವನ್ನು ತೀರ್ಮಾನಿಸುವುದು ಅದರ ಹುಟ್ಟೂರಲ್ಲ, ಅದು ಬಾಳುತ್ತಿರುವ ಊರು. ಇಂದಿನ ಕನ್ನಡದಲ್ಲಿ ‘ಲಿಂಗ ತಾರತಮ್ಯ’, ‘ವೇತನ ತಾರತಮ್ಯ’, ‘ಜಾತಿ ತಾರತಮ್ಯ’ ಎಂದಾಗ ಬರಿಯ ಅಂತರ ಎಂದು ಯಾರೂ ತಿಳಿಯುವುದಿಲ್ಲ. ಸಮನಾಗಿ ಕಾಣಬೇಕಾದವರನ್ನು ಸಕಾರಣವಿಲ್ಲದೆ ಬೇರೆ ಬೇರೆಯಾಗಿ ಕಂಡರು ಎಂದೇ ತಿಳಿಯುತ್ತಾರೆ. ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಆಧಾರದ ಮೇಲಷ್ಟೇ ಸರ್ಕಾರ ಯಾವ ನಾಗರಿಕನನ್ನೂ ಬೇರೆಯಾಗಿ ಕಾಣಬಾರದೆಂಬ ಸಂವಿಧಾನದ 15ನೇ ವಿಧಿಯನ್ನು ಕನ್ನಡದಲ್ಲಿ ಹೇಳುವಾಗ ನಾವು ಬಳಸುವುದು ಇದೇ ಪದವನ್ನು. ಆದ್ದರಿಂದ ತಲೆಬರಹದಲ್ಲಿ ದೂಷಣೆ ಇತ್ತೆಂಬುದು ನಿಜ, ಅದನ್ನು ನಾವು ತಿಳಿದೇ ಹಾಕಿದ್ದೆವು.

ಈಗ ಒಂದೇ ಚೀಲದ ಆಕ್ಷೇಪಕ್ಕೆ ಬರುತ್ತೇನೆ. ಅನ್ಯಾಯ ಒಬ್ಬನಿಗೇ ಆಗಬಹುದು. ತೋಟದ ಎಲ್ಲರಿಗೂ ವಾರದ ಬಟವಾಡೆ ತಡವಾದರೆ ಅದು ಅನ್ಯಾಯವೇ, ತಾರತಮ್ಯವಲ್ಲ. ಏಕೆಂದರೆ ತಾರತಮ್ಯಕ್ಕೆ ಇಬ್ಬರು ಬೇಕು, ತಮ್ಮ ಲೆಕ್ಕಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಎರಡು ಕಾಲಂ ಬೇಕು. ಪಕ್ಷಪಾತಕ್ಕೂ ಇಬ್ಬರು ಬೇಕು, ಆದರೆ ಅಲ್ಲಿ ಮಾತು ಹೊರಡುವುದು ಮೆಚ್ಚಿನವನ ಕಡೆಯಿಂದ: ಒಂದು ಪಕ್ಷಕ್ಕೆ ಬೀಳುವುದು, ವಾಲುವುದು. ಅಣ್ಣನ ಮಗನೆಂದು ಮೇಸ್ತ್ರಿಯೊಬ್ಬ ಹಗುರದ ಕೆಲಸ ಕೊಟ್ಟರೆ ಅದು ಪಕ್ಷಪಾತ. ಭೇದಭಾವ ಮನಸ್ಸಿನೊಳಗಿನ ಮಾತು. ತಾರತಮ್ಯ ಕೈಯಲ್ಲಿ ಕಾಣುವ, ಲೆಕ್ಕದಲ್ಲಿ ಸಿಗುವ ಮಾತು. ಭೇದಭಾವ ಇಲ್ಲದವನ ಕೈಯಲ್ಲೂ ರೂಢಿಯ ಬಲದಿಂದ ತಾರತಮ್ಯ ನಡೆದುಹೋಗಬಹುದೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಊಟದ ಸಾಲಿನಲ್ಲಿ ಒಬ್ಬನ ಎಲೆಗೆ ತುಪ್ಪ ಸುರಿದು ಪಕ್ಕದವನ ಎಲೆಗೆ ಚಮಚ ತೋರಿಸಿ ಮುಂದೆ ಹೋಗುವುದಕ್ಕೆ ಹಿರಿಯರು ‘ಪಂಕ್ತಿಭೇದ’ ಎಂಬ ಚೊಕ್ಕ ಪದವನ್ನೇ ಇಟ್ಟಿದ್ದರು. ಆಡುಮಾತಿನಲ್ಲಿ ಇಷ್ಟೆಲ್ಲ ಬೇಕಿಲ್ಲ. ‘ಅವರಿಗೊಂದು ನ್ಯಾಯ ನಮಗೊಂದು ನ್ಯಾಯ’ ಎಂದೋ, ‘ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ’ ಎಂದೋ ಅಂದುಬಿಡುತ್ತಾರೆ. ಇವೆರಡರಲ್ಲಿಯೂ ಎರಡು ಕಾಲಂ ಇರುವುದನ್ನು ನೋಡಿ. ‘ಮಲತಾಯಿ ಧೋರಣೆ’ ಎಂಬುದು ಮಾತ್ರ ನನಗೆ ಒಗ್ಗದ ಪ್ರಯೋಗ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಡನೆ ಸೇರಿದಂದಿನಿಂದ ನಮ್ಮ ಜಿಲ್ಲೆಯ ಭಾಷಣಗಳಲ್ಲಿ ಈ ಮಾತು ಎಷ್ಟೋ ಸಲ ಕೇಳಿಬಂದಿದೆ, ದೂರಿನಲ್ಲಿ ಹುರುಳೂ ಇರಬಹುದು. ಆದರೆ ಪರರ ಮಕ್ಕಳನ್ನು ತನ್ನವೆಂದು ಸಾಕಿದ ಎಷ್ಟೋ ತಾಯಂದಿರಿಗೆ ಆ ಒಂದು ಮಾತು ತಾರತಮ್ಯ ಎಸಗುತ್ತದೆ.

ನನ್ನ ಬಾಲ್ಯದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ನಾನು ರಜೆಗೆ ಹೋಗುತ್ತಿದ್ದ ಬಂಧುಗಳ ತೋಟದ ಮನೆಯಲ್ಲಿ, ಹಿಂಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ನಾಲ್ಕೈದು ಅಲ್ಯೂಮಿನಿಯಂ ಲೋಟಗಳನ್ನು ಕವುಚಿ ಇಟ್ಟಿರುತ್ತಿದ್ದರು. ಆಳುಗಳು ವಾಸಿಸುವ ಲೈನ್ ಮನೆಯಿಂದ ಬಂದವರು ತಾವೇ ಲೋಟ ತೆಗೆದು ಕಾಫಿ ಹೊಯ್ಯಿಸಿಕೊಂಡು, ಕುಡಿದು, ತಾವೇ ತೊಳೆದು ಮತ್ತೆ ಅಲ್ಲಿಯೇ ಇಡಬೇಕಾಗಿತ್ತು. ಬಾಯಾರಿ ಬಂದ ನಾನು ಒಮ್ಮೆ ಆ ಲೋಟಕ್ಕೆ ಕೈ ಹಾಕಿದಾಗ ‘ಅದು ಅವರ ಲೋಟ’ ಎಂಬ ಮಾತು ಒಳಗಿನಿಂದ ಬಂದಿತು. ಗದರಿಕೆಯ ದನಿಯಲ್ಲ, ಎಂದಿನ ದನಿ. ಆ ಮನೆಯವರು ಕೆಟ್ಟವರಲ್ಲ. ಆಳುಗಳಿಗೆ ಜ್ವರ ಬಂದರೆ ಜೀಪಿನಲ್ಲಿ ಮಡಿಕೇರಿಗೆ ಕರೆದೊಯ್ದವರು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೊಡೆದುಹಾಕಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಆ ಗೂಡಿಗೆ ಅಲ್ಲಿ ತಾರತಮ್ಯ ಎಂಬ ಹೆಸರಿರಲಿಲ್ಲ, ‘ಅವರ ಲೋಟ’ ಎಂಬ ಹೆಸರಿತ್ತು. ಅದಕ್ಕೆ ಸರಿಯಾದ ಹೆಸರು ನನಗೆ ಸಿಕ್ಕಿದ್ದು ಬಹಳ ತಡವಾಗಿ. ತಲೆಬರಹದಲ್ಲಿ ‘ವ್ಯತ್ಯಾಸ’ ಎಂದು ಹಾಕಿದ್ದರೆ ಸಾಕಿತ್ತೆಂದು ತಾವು ಬರೆದಾಗ ನನಗೆ ಆ ಗೂಡು ನೆನಪಾಯಿತು.

ಬೇರೆಯಾಗಿ ಕಾಣುವುದೆಲ್ಲ ತಾರತಮ್ಯವೆಂದು ನಾನು ಹೇಳುತ್ತಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಲು 15ನೇ ವಿಧಿಯೇ ಅವಕಾಶ ಕೊಡುತ್ತದೆ. ಹಿಂದುಳಿದ ವರ್ಗಗಳಿಗೂ ಪರಿಶಿಷ್ಟ ಜಾತಿ ಪಂಗಡಗಳಿಗೂ ಅಂಥ ಅವಕಾಶವನ್ನು 1951ರ ಮೊದಲನೆಯ ತಿದ್ದುಪಡಿ ಸೇರಿಸಿತು. ನಮ್ಮ ಜಿಲ್ಲೆಯದೇ ಆದ ಇನ್ನೊಂದು ಉದಾಹರಣೆ ಬಂದೂಕಿನದು. ಕೊಡವರಿಗೂ, ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿಯ ವಿನಾಯಿತಿ ಸಮಾನತೆಗೆ ವಿರುದ್ಧವೆಂದು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯ 2021ರಲ್ಲಿ ಒಪ್ಪದೆ, ವಿನಾಯಿತಿಯನ್ನು ಎತ್ತಿಹಿಡಿಯಿತು. ಇಂಥ ಪ್ರಕರಣಗಳಲ್ಲಿ ನ್ಯಾಯಾಲಯಗಳು ಕೇಳುವುದು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು: ಬೇರ್ಪಡಿಸಿದವರಿಗೂ ಉಳಿದವರಿಗೂ ನಡುವೆ ಸ್ಪಷ್ಟವಾಗಿ ಗುರುತಿಸಬಹುದಾದ ಅಂತರವಿದೆಯೇ, ಮತ್ತು ಆ ಅಂತರಕ್ಕೂ ನಿಯಮದ ಉದ್ದೇಶಕ್ಕೂ ಸಂಬಂಧವಿದೆಯೇ. ತೀರ್ಪನ್ನು ಒಪ್ಪುವವರೂ ಒಪ್ಪದವರೂ ಇರಬಹುದು. ಪ್ರಶ್ನೆಗಳು ಮಾತ್ರ ಪದವನ್ನು ಬಳಸುವ ನಮ್ಮೆಲ್ಲರಿಗೂ ಉಪಯುಕ್ತ.

ಅವೇ ಪ್ರಶ್ನೆಗಳನ್ನು ತಮ್ಮ ಲೆಕ್ಕಪುಸ್ತಕಕ್ಕೆ ಕೇಳೋಣ. ಹಣ್ಣು ಕುಯ್ಯುವ ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವಾಗ ತಕ್ಕಡಿಗೆ ಗಂಡು ಹೆಣ್ಣೆಂಬುದಿಲ್ಲ. ಹೆಚ್ಚು ಕುಯ್ದವರಿಗೆ ಹೆಚ್ಚು. ಅಲ್ಲಿ ಅಂತರವಿದೆ, ತಾರತಮ್ಯವಿಲ್ಲ. ಏಣಿ ಕಟ್ಟಿ ಎತ್ತರದ ಸಿಲ್ವರ್ ಮರವನ್ನು ಹತ್ತಿ, ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು ಮರ ಕಪಾತು ಮಾಡುವವನಿಗೆ, ಅಂದರೆ ಕೊಂಬೆ ಕಡಿಯುವವನಿಗೆ, ಹೆಚ್ಚು ಕೂಲಿ ಕೊಟ್ಟರೆ ಅದೂ ತಾರತಮ್ಯವಲ್ಲ, ಅಪಾಯಕ್ಕೂ ಕೌಶಲಕ್ಕೂ ಕೊಟ್ಟ ಬೆಲೆ. ಆದರೆ ಮಳೆಗಾಲ ಮುಗಿದು ಕಾಡು, ಅಂದರೆ ತೋಟದ ಕಳೆ, ಕೊಚ್ಚುವಾಗ, ಗಿಡದ ಬುಡಕ್ಕೆ ಗೊಬ್ಬರ ಹಾಕುವಾಗ, ಒಂದೇ ಸಾಲಿನಲ್ಲಿ ಒಂದೇ ಹೊತ್ತಿಗೆ ಕೆಲಸಕ್ಕಿಳಿದು ಒಂದೇ ಹೊತ್ತಿಗೆ ಕತ್ತಿ ಕೆಳಗಿಟ್ಟ ಇಬ್ಬರಿಗೆ ‘ಗಂಡಾಳು’, ‘ಹೆಣ್ಣಾಳು’ ಎಂಬ ಎರಡು ಕಾಲಂ ಮಾಡಿ ಎರಡು ದರ ಬರೆದರೆ, ಆ ದರ ಕೆಲಸವನ್ನು ಅಳೆದು ಬರೆದದ್ದಲ್ಲ. ಬೆಳಿಗ್ಗೆ ಹಾಜರಿ ಕರೆಯುವ ಮೊದಲೇ ಬರೆದಿಟ್ಟದ್ದು. ಜರಡಿಗೆ ಹಾಕದೆಯೇ ದರ್ಜೆ ಕಟ್ಟಿದ ಹಾಗೆ. ‘ಗಂಡಾಳಿನ ಕೆಲಸ ಭಾರ’ ಎಂಬ ತಮ್ಮ ಸಮರ್ಥನೆ ಕಪಾತಿಗೆ ಸಲ್ಲುತ್ತದೆ, ಕಾಡು ಕೊಚ್ಚುವುದಕ್ಕೆ ಸಲ್ಲುವುದಿಲ್ಲ. ಒಂದೇ ಕೆಲಸಕ್ಕೆ ಅಥವಾ ಅದೇ ಸ್ವರೂಪದ ಕೆಲಸಕ್ಕೆ ಗಂಡಸರಿಗೂ ಹೆಂಗಸರಿಗೂ ಸಮಾನ ಕೂಲಿ ಕೊಡಬೇಕೆಂಬ ಕಾಯ್ದೆ 1976ರಲ್ಲಿಯೇ ಬಂದಿತು, 2019ರ ವೇತನ ಸಂಹಿತೆಯೂ ಆ ತತ್ವವನ್ನು ಉಳಿಸಿಕೊಂಡಿದೆ.

ಬಳಕೆಯ ಬಗ್ಗೆ ಎರಡು ಮಾತು ಉಳಿದಿವೆ. ನಮಗೆ ಬರುವ ಬರಹಗಳಲ್ಲಿ ‘ತಾರಾತಮ್ಯ’ ಎಂಬ ರೂಪ ಮತ್ತೆ ಮತ್ತೆ ಕಾಣುತ್ತದೆ. ಅಲ್ಲಿ ದೀರ್ಘಕ್ಕೆ ಅವಕಾಶವಿಲ್ಲ, ತರತಮದಿಂದ ಬಂದ ಪದಕ್ಕೆ ತಾರೆಯ ಸಂಬಂಧವಿಲ್ಲ. ಹಾಗೆಯೇ ‘ಮಹಿಳೆಯರ ವಿರುದ್ಧ ತಾರತಮ್ಯ’ ಎಂದು ಬರೆಯುವುದಕ್ಕಿಂತ ‘ಗಂಡಾಳು ಹೆಣ್ಣಾಳುಗಳ ನಡುವೆ ತಾರತಮ್ಯ’ ಎಂದು ಬರೆಯುವುದು ಕನ್ನಡದ ಜಾಯಮಾನಕ್ಕೆ ಹತ್ತಿರ. ‘ನಡುವೆ’ ಎಂದಾಗ ಇಬ್ಬರೂ ವಾಕ್ಯದೊಳಗೆ ಬರುತ್ತಾರೆ, ಯಾರಿಗೆ ಎಷ್ಟು ಸಿಕ್ಕಿತೆಂದು ಓದುಗನು ಕೇಳಲೇಬೇಕಾಗುತ್ತದೆ.

ನಮ್ಮ ಲೇಖನದಲ್ಲಿ ಒಂದು ತಪ್ಪಿತ್ತು, ಅದು ತಮ್ಮ ಪತ್ರದಿಂದಲೇ ನನ್ನ ಕಣ್ಣಿಗೆ ಬಿದ್ದಿತು. ಮರ ಕಪಾತಿನ ಕೂಲಿಯನ್ನೂ ಕಾಡು ಕೊಚ್ಚುವ ಕೂಲಿಯನ್ನೂ ಲೇಖಕರು ಒಂದೇ ಪಟ್ಟಿಯಲ್ಲಿ ಸೇರಿಸಿದ್ದರು, ನಾನೂ ಅದನ್ನು ತಿದ್ದದೆ ಬಿಟ್ಟೆ. ಮುಂದಿನ ಸಂಚಿಕೆಯಲ್ಲಿ ಕಪಾತಿನ ಸಾಲನ್ನು ತೆಗೆದು ಪಟ್ಟಿಯನ್ನು ಮತ್ತೆ ಅಚ್ಚು ಹಾಕುತ್ತೇವೆ. ತಲೆಬರಹ ಹಾಗೆಯೇ ಇರುತ್ತದೆ.

ತಮ್ಮ ವಿಶ್ವಾಸಿ,
ಸಂಪಾದಕ