ಯುದ್ಧ ಕಂಡ ಅಜ್ಜನ ನೆನಪುಗಳನ್ನು ಬರೆದಿಡುವುದು ಹೇಗೆ?

ಅಜ್ಜ 1971ರ ಯುದ್ಧದಲ್ಲಿದ್ದರು, ಕೇಳಿದರೆ ಮಾತು ತಪ್ಪಿಸುತ್ತಾರೆ ಎಂದಿದ್ದೀರಿ.

'ಯುದ್ಧ ಹೇಗಿತ್ತು' ಅಂತ ಕೇಳಲೇಬೇಡಿ. ಅವರ ಟ್ರಂಕು ತೆಗೆದು ಒಂದೊಂದೇ ವಸ್ತು ಅವರ ಕೈಗೆ ಕೊಡಿ. ನಮ್ಮ ದೊಡ್ಡಪ್ಪ ಬಾಯಿ ಬಿಟ್ಟದ್ದು ಹಳೆಯ ಎನಾಮಲ್ ಮಗ್ಗು ಕೈಗೆ ಬಂದಾಗ. ಬಂಕರಿನಲ್ಲಿ ಕೂತು ಅಮ್ಮನ ಬಂಗಡೆ ಸಾರು ನೆನೆದು ಅತ್ತದ್ದನ್ನು ಅಂದೇ ಮೊದಲು ಹೇಳಿದರು. ಪದಕಗಳನ್ನೂ ಬೆಳಕಿಗೆ ಹಿಡಿದು ನೋಡಿ, ಸೈನಿಕನ ನಂಬರು, ಹೆಸರು ಸಾಮಾನ್ಯವಾಗಿ ಕೆತ್ತಿರುತ್ತದೆ. ಪೂರ್ವಿ ಸ್ಟಾರ್ ಇದ್ದರೆ ಪೂರ್ವದ ರಣರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ್ದು.

ಕಾರವಾರದ ಕಡಲತೀರದಲ್ಲಿ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಗೆ ಎಲ್ಲರೂ ಕೈಮುಗಿಯುತ್ತಾರೆ. ಕಾರವಾರ ಹತ್ತಿರದ ಚೆಂಡಿಯಾ ಊರಿನ ಮೂಲದ ಅವರಿಗೆ ಪರಮವೀರ ಚಕ್ರ ಬಂತೆಂಬುದೂ ಗೊತ್ತು. ಆದರೆ 1948ರ ಏಪ್ರಿಲ್‌ನಲ್ಲಿ, ಜಮ್ಮು-ಕಾಶ್ಮೀರದ ನೌಶೇರಾ-ರಜೌರಿ ದಾರಿಯಲ್ಲಿ, ಗುಂಡುಗಳ ನಡುವೆ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತ ನೆಲದಲ್ಲಿ ಹುಗಿದ ಮೈನುಗಳನ್ನು ದಾಟಿಸಿದರಲ್ಲ, ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಹಗ್ಗ. ಅಜ್ಜನಿಂದಲೂ ಅಂಥ ಸಣ್ಣ ವಿವರವನ್ನೇ ಕೇಳಿ: ಏನು ತಿಂದರು, ಪಕ್ಕದಲ್ಲಿ ಯಾರಿದ್ದರು, ಮನೆಗೆ ಕಾಗದ ಯಾರು ಬರೆದುಕೊಟ್ಟರು.

ಅಜ್ಜ ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕನ್ನಡಕ್ಕೆ ಆಮೇಲೆ ತರಬಹುದು. ಅಜ್ಜಿಯನ್ನೂ ಜೊತೆಗೆ ಕೂರಿಸಿ. ತಂತಿ (ಟೆಲಿಗ್ರಾಂ) ಬಂದರೆ ಎದೆ ಒಡೆಯುತ್ತಿದ್ದ ದಿನಗಳು ಅವರವು, ಅದನ್ನು ಯಾರೂ ಕೇಳಿರುವುದಿಲ್ಲ.